ಅಂಗೈಯಷ್ಟು ಕಾಗದದಲ್ಲಿ ಕೆನ್ನೆಗೆ ಕೈ ಕೊಟ್ಟು ಕೂತ ಕ್ರಿಸ್ತ

ಎರಡು ತಿಂಗಳಿಂದ ನನ್ನ ಮೇಜಿನ ಮೇಲೆ ಒಂದು ಚಿತ್ರ ಇದೆ. ಅಂಗೈಗಿಂತ ಸ್ವಲ್ಪ ಸಣ್ಣದು. ಮುಳ್ಳಿನ ಕಿರೀಟ ತೊಟ್ಟ ಕ್ರಿಸ್ತ ಒಂದು ಕಲ್ಲಿನ ಮೇಲೆ ಒಬ್ಬನೇ ಕೂತಿದ್ದಾನೆ. ಬೆನ್ನು ಬಾಗಿದೆ. ಮೊಣಕೈಯನ್ನು ತೊಡೆಗೆ ಊರಿ, ಕೆನ್ನೆಗೆ ಕೈ ಕೊಟ್ಟಿದ್ದಾನೆ. ಅಷ್ಟೇ ಚಿತ್ರ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 24 ಯೂರೋ ಕೊಟ್ಟು ತಂದದ್ದು. ಅದು ಅಷ್ಟು ಬೆಲೆ ಬಾಳುತ್ತದೆಯಾ, ಕಾಗದ ಹೇಗಿದೆ, ಅಚ್ಚು ಹೇಗಿದೆ, ನಮ್ಮ ಮಳೆಗಾಲದಲ್ಲಿ ಉಳಿಯುತ್ತದೆಯಾ ಎಂದು ಪರಿಚಯದವರು ಮೂರ್ನಾಲ್ಕು ಜನ ಕೇಳಿದರು. ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿ 34 ವರ್ಷ ಸಣ್ಣದೊಂದು ಪ್ರೆಸ್ ನಡೆಸಿದವನು. ಕಾಲಲ್ಲಿ ತುಳಿದು ನಡೆಸುವ ಒಂದು ಟ್ರೆಡಲ್ ಯಂತ್ರ, ನಾಲ್ಕು ಕೇಸ್ ಕನ್ನಡ ಅಚ್ಚುಮೊಳೆ, ಎರಡು ಕೇಸ್ ಇಂಗ್ಲಿಷ್ ಅಚ್ಚುಮೊಳೆ. ಮದುವೆ ಕಾಗದ, ಬಿಲ್ ಬುಕ್, ಚರ್ಚಿನ ನೋಟೀಸು, ಯಕ್ಷಗಾನದ ಹ್ಯಾಂಡ್‌ಬಿಲ್, ಎಲ್ಲ ಮಾಡಿದ್ದೇನೆ. ಚಿತ್ರ ಬೇಕೆಂದರೆ ಸತುವಿನ ಬ್ಲಾಕ್ ಮಾಡಿಸಿ ಮರದ ತುಂಡಿಗೆ ಮೊಳೆ ಹೊಡೆದು ಕೂರಿಸುತ್ತಿದ್ದೆವು. ಗಣಪತಿಯ ಬ್ಲಾಕ್ ಇತ್ತು, ಶಿಲುಬೆಯ ಬ್ಲಾಕ್ ಇತ್ತು, ಕೈ ಕುಲುಕುವ ಬ್ಲಾಕ್ ಇತ್ತು. ಹಾಗಾಗಿ ಅಚ್ಚಾದ ಕಾಗದ ಕೈಗೆ ಬಂದರೆ ಮೊದಲು ಅದರ ಬೆನ್ನು ಸವರಿ ನೋಡುವ ಅಭ್ಯಾಸ. ಒತ್ತು ಎಷ್ಟು ಬಿದ್ದಿದೆ ಎಂದು ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಚಿತ್ರ ಯಾರದ್ದು ಎಂದು ಹೇಳಬೇಕಲ್ಲ. ಆಲ್ಬ್ರೆಖ್ಟ್ ಡ್ಯೂರರ್. ಹುಟ್ಟಿದ್ದು 1471ರಲ್ಲಿ, ತೀರಿಕೊಂಡದ್ದು 1528ರಲ್ಲಿ, ಎರಡೂ ನ್ಯೂರೆಂಬರ್ಗಿನಲ್ಲೇ. ಬಣ್ಣದ ಚಿತ್ರಗಳನ್ನೂ ಬರೆದವನು, ಆದರೆ ಊರೂರಿಗೆ ಹೆಸರು ಹೋದದ್ದು ಅಚ್ಚಿನ ಚಿತ್ರಗಳಿಂದ. 1511ರಲ್ಲಿ ಅವನು ಒಂದು ಸಣ್ಣ ಪುಸ್ತಕ ಹೊರತಂದ. ಅದರಲ್ಲಿ 37 ಮರದಚ್ಚಿನ ಚಿತ್ರಗಳು. ಈಗ ಅದನ್ನು ‘ಸ್ಮಾಲ್ ಪ್ಯಾಶನ್’ ಅನ್ನುತ್ತಾರೆ. ಪ್ಯಾಶನ್ ಅಂದರೆ ನಮ್ಮ ಸಭೆಯಲ್ಲಿ ನಾವು ‘ಶ್ರಮೆ’ ಅನ್ನುತ್ತೇವಲ್ಲ, ಅದು. ಶುಭ ಶುಕ್ರವಾರದ ಶ್ರಮೆ, ಯೇಸು ಶಿಲುಬೆಗೇರುವಾಗ ಪಟ್ಟ ಪಾಡು. ದೊಡ್ಡ ಅಳತೆಯ ಇನ್ನೊಂದು ಪ್ಯಾಶನ್ ಪುಸ್ತಕವೂ ಅದೇ ವರ್ಷ ಬಂತು. ಅದರ ಹಾಳೆಗಳು ಸುಮಾರು 39 ಸೆಂಟಿಮೀಟರ್ ಎತ್ತರ. ಸಣ್ಣದರಲ್ಲಿ ಹೆಚ್ಚಿನ ಚಿತ್ರಗಳು 13 ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ನಾನು ತಂದದ್ದು ಆ ಸಣ್ಣ ಪುಸ್ತಕದ ಮೊದಲ ಪುಟದ ಚಿತ್ರ. ಅದು ಉಳಿದವಕ್ಕಿಂತಲೂ ಸಣ್ಣದು.

ಇದನ್ನು ನಾನು ಮೊದಲು ನೋಡಿದ್ದು ಫೋನಿನಲ್ಲಿ. ಮಗಳು ಅಲ್ಲಿ ಎರ್ಲಾಂಗೆನ್‌ನಲ್ಲಿ ಕೆಲಸಕ್ಕಿದ್ದಾಳೆ, ನ್ಯೂರೆಂಬರ್ಗಿನ ಪಕ್ಕದ ಊರು. ಹೋದ ವರ್ಷ ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸದ ದಿನಗಳಲ್ಲಿ ಯಾವುದೋ ಪುಸ್ತಕದ ಪುಟದ ಫೋಟೋ ತೆಗೆದು ಕಳಿಸಿದಳು. ಕೆಳಗೆ ಒಂದೇ ಸಾಲು ಬರೆದಿದ್ದಳು: ‘ಅಪ್ಪಾ, ಅಜ್ಜಿ ಇದ್ದಿದ್ದರೆ ಬೈತಿದ್ರು.’

ಬೈಯುತ್ತಿದ್ದರು, ಹೌದು. ನನ್ನ ಅಮ್ಮ ಮನೆಯಲ್ಲಿ ಯಾರನ್ನೂ ಕೆನ್ನೆಗೆ ಕೈ ಕೊಟ್ಟು ಕೂರಲು ಬಿಡುತ್ತಿರಲಿಲ್ಲ. ‘ಕೈ ತೆಗಿ ಕೆನ್ನೆಯಿಂದ, ಮನೆಗೆ ಒಳ್ಳೇದಲ್ಲ’ ಅನ್ನುತ್ತಿದ್ದರು. ನಾವು ಮೂರು ತಲೆಮಾರಿನಿಂದ ಕ್ರಿಶ್ಚಿಯನ್ನರು, ಆದರೂ ಈ ಮಾತು ಮನೆಯಿಂದ ಹೋಗಲಿಲ್ಲ. ಪಕ್ಕದ ಮನೆಯ ಬಂಟರ ಅಜ್ಜಿಯೂ ಅದನ್ನೇ ಹೇಳುತ್ತಿದ್ದರು. ಹಾಗೆ ಕೂತವರು ಏನೋ ಕಳೆದುಕೊಂಡವರು ಎಂದು ನಮ್ಮ ಕಡೆ ಲೆಕ್ಕ. ಮೂರು ವರ್ಷದ ಹಿಂದೆ ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ನಾನು ಹೊರಗಿನ ಬೆಂಚಿನ ಮೇಲೆ ಹನ್ನೊಂದು ದಿನ ಹಾಗೇ ಕೂತಿದ್ದೆ. ಕೈ ತೆಗಿ ಎಂದು ಹೇಳಲು ಅಮ್ಮ ಇರಲಿಲ್ಲ. ಹನ್ನೆರಡನೇ ದಿನ ಹೆಂಡತಿಯೂ ಹೋದಳು.

ಫೋನಿನಲ್ಲಿ ಆ ಚಿತ್ರ ನೋಡಿ ಸುಮಾರು ಹೊತ್ತು ಸುಮ್ಮನೆ ಕೂತೆ. ದೇವರೂ ಹೀಗೆ ಕೂರುತ್ತಾನಾ ಅನಿಸಿತು. ಶಿಲುಬೆಯ ಮೇಲಿನ ಯೇಸುವನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಕ್ಯಾಲೆಂಡರಿನ ಯೇಸುವನ್ನೂ ನೋಡಿದ್ದೇನೆ, ಕುರಿಮರಿ ಎತ್ತಿಕೊಂಡವನು, ಬಾಗಿಲು ತಟ್ಟುವವನು. ಕೆನ್ನೆಗೆ ಕೈ ಕೊಟ್ಟು ಕೂತವನನ್ನು ನೋಡಿರಲಿಲ್ಲ.

ಆಗಲೇ ತಪ್ಪು ಮಾಡಿದೆ. ಆನ್‌ಲೈನಿನಲ್ಲಿ ಹುಡುಕಿ ಒಂದು ಪೋಸ್ಟರ್ ತರಿಸಿದೆ. ಯಾರ ಹತ್ತಿರ ಎಂದು ಹೇಳುವುದಿಲ್ಲ. ‘ಮ್ಯೂಸಿಯಂ ಕ್ವಾಲಿಟಿ’ ಎಂದು ಬರೆದಿದ್ದರು. ಕೊಳವೆಯಲ್ಲಿ ಸುತ್ತಿ ಬಂತು. ಬಿಚ್ಚಿದರೆ ಎರಡು ಅಡಿ ಎತ್ತರ, ಮಿರಮಿರ ಮಿಂಚುವ ಕಾಗದ. ಸಣ್ಣ ಫೋಟೋವನ್ನು ಎಳೆದು ದೊಡ್ಡದು ಮಾಡಿದ್ದರು. ಭೂತಗನ್ನಡಿ ಇಟ್ಟು ನೋಡಿದೆ, ಗೆರೆ ಎನ್ನುವುದೇ ಇಲ್ಲ, ಬರೀ ಚುಕ್ಕೆ. ಕಪ್ಪು ಕಪ್ಪಾಗಿಲ್ಲ, ಸ್ಲೇಟಿನ ಬಣ್ಣ. ಹಳೇ ಕಾಗದದ ಹಾಗೆ ಕಾಣಲಿ ಎಂದು ಇಡೀ ಹಿನ್ನೆಲೆಗೆ ಟೀ ಚೆಲ್ಲಿದಂಥ ಬಣ್ಣ ಬೇರೆ ಕೊಟ್ಟಿದ್ದರು. ಅದೆಲ್ಲ ಹೋಗಲಿ, ನನಗೆ ನಿಜವಾಗಿ ಬೇಸರವಾದದ್ದು ಅಳತೆಗೆ. ಎರಡು ಅಡಿ ಎತ್ತರದ ಕ್ರಿಸ್ತ ಗೋಡೆಯ ಮೇಲಿಂದ ಕೋಣೆಗೆಲ್ಲ ದುಃಖ ಸಾರುತ್ತಿದ್ದ. ಫೋನಿನಲ್ಲಿ ಕಂಡವನು ಹಾಗಿರಲಿಲ್ಲ. ಅವನು ಪಕ್ಕದಲ್ಲಿ ಕೂತಿದ್ದ. ಪೋಸ್ಟರ್ ವಾಪಸ್ ತಗೊಳ್ಳುವುದಿಲ್ಲ ಅಂದರು. ಈಗ ಅದು ಅಟ್ಟದಲ್ಲಿದೆ.

ಈ ಏಪ್ರಿಲಿನಲ್ಲಿ ಮಗಳ ಮನೆಗೆ ಹೋದೆ. ರೈಲು ಹತ್ತಿದರೆ ನ್ಯೂರೆಂಬರ್ಗಿಗೆ ಇಪ್ಪತ್ತು ನಿಮಿಷದ ದಾರಿ. ಕೋಟೆಯ ಬುಡದಲ್ಲಿ, ಟೀರ್‌ಗೆರ್ಟ್ನರ್ ಬಾಗಿಲಿನ ಹತ್ತಿರ ಡ್ಯೂರರನ ಮನೆ ಇದೆ. ಕೆಳಗೆ ಕಲ್ಲಿನ ಗೋಡೆ, ಮೇಲೆ ಮರದ ಚೌಕಟ್ಟಿನ ಅಂತಸ್ತುಗಳು. 1509ರಲ್ಲಿ ಕೊಂಡುಕೊಂಡ ಮನೆ. ಸಾಯುವವರೆಗೂ ಅಲ್ಲೇ ಇದ್ದ. ಸ್ಮಾಲ್ ಪ್ಯಾಶನ್ ಚಿತ್ರಗಳಲ್ಲಿ ಕೆಲವಕ್ಕೆ 1509, 1510 ಎಂದು ಇಸವಿ ಹಾಕಿದ್ದಾನೆ. ಅಂದರೆ ಹೊಸ ಮನೆಗೆ ಬಂದ ಹೊಸತರಲ್ಲೇ ಮಾಡಿದ ಕೆಲಸ. ಮನೆಯಲ್ಲಿ ಈಗ ಮ್ಯೂಸಿಯಂ. ಒಂದು ಕೋಣೆಯಲ್ಲಿ ಹಳೇ ಕ್ರಮದ ಮರದ ಪ್ರೆಸ್ ಇಟ್ಟು ಅಚ್ಚು ಹಾಕುವುದನ್ನು ತೋರಿಸುತ್ತಾರೆ. ನನಗೆ ಅಲ್ಲಿಂದ ಎದ್ದು ಬರಲು ಮನಸ್ಸೇ ಆಗಲಿಲ್ಲ. ಶಾಯಿಯ ವಾಸನೆ ನಮ್ಮ ಪ್ರೆಸ್ಸಿನದ್ದೇ.

ಮಗಳು ಆಡಿಯೋ ಗೈಡ್ ಕಿವಿಗೆ ಹಾಕಿಕೊಂಡು ನನಗೆ ಕನ್ನಡದಲ್ಲಿ ಹೇಳುತ್ತಾ ಬಂದಳು. ಅದರಲ್ಲಿ ಮಾತಾಡುವವಳು ಡ್ಯೂರರನ ಹೆಂಡತಿ ಆಗ್ನೆಸ್. ಅವಳ ಬಾಯಿಂದಲೇ ಮನೆಯ ಕಥೆ ಹೇಳಿಸಿದ್ದಾರೆ. ಗಂಡ ಮಾಡಿದ ಚಿತ್ರಗಳನ್ನು ಫ್ರಾಂಕ್‌ಫರ್ಟಿನ ಸಂತೆಗೆ ಹೊತ್ತುಕೊಂಡು ಹೋಗಿ ಮಾರುತ್ತಿದ್ದವಳು ಅವಳು. ನನ್ನ ಹೆಂಡತಿ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೂತು ಫಾರಂ ಮಡಚುತ್ತಿದ್ದಳು, ಬಿಲ್ ಬುಕ್ಕಿಗೆ ನಂಬರ್ ಹೊಡೆಯುತ್ತಿದ್ದಳು, ಹೊಲಿಗೆ ಹಾಕುತ್ತಿದ್ದಳು. ಬಾಕಿ ವಸೂಲಿಗೆ ಹೋಗುತ್ತಿದ್ದದ್ದೂ ಅವಳೇ. ನನಗೆ ಕೇಳಲು ನಾಚಿಕೆ. ಆಗ್ನೆಸ್‌ಗೆ ಒಂದು ಕೃತಜ್ಞತೆ ಹೇಳಬೇಕು ಅನಿಸಿತು, ಯಾಕೋ.

ಚಿತ್ರ ಕೊಂಡದ್ದು ಮ್ಯೂಸಿಯಂನಲ್ಲಲ್ಲ, ಅದೇ ಇಳಿಜಾರಿನ ಬೀದಿಯ ಸಣ್ಣ ಅಂಗಡಿಯಲ್ಲಿ. ಅಂಗಡಿಯವರು ನೇರವಾಗಿ ಹೇಳಿದರು: ಇದು ಹಳೇ ಮರದ ಬ್ಲಾಕಿನಿಂದ ತೆಗೆದದ್ದಲ್ಲ, ಹಳೇ ಪ್ರತಿಯ ಫೋಟೋದಿಂದ ಲೋಹದ ಬ್ಲಾಕ್ ಮಾಡಿಸಿ, ಕೈಪ್ರೆಸ್ಸಿನಲ್ಲಿ ಒಂದೊಂದಾಗಿ ಒತ್ತಿದ್ದು. ಅಷ್ಟು ಸ್ಪಷ್ಟವಾಗಿ ಹೇಳಿದ್ದು ನನಗೆ ಹಿಡಿಸಿತು. ‘ಒರಿಜಿನಲ್’ ಎಂಬ ಮಾತನ್ನು ಅವರು ಎಲ್ಲೂ ಬಳಸಲಿಲ್ಲ. ನಿಜವಾದ ಬ್ಲಾಕುಗಳ ವಿಷಯ ಆಮೇಲೆ ತಿಳಿಯಿತು. 37ರಲ್ಲಿ 35 ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇವೆಯಂತೆ. ಐನೂರು ವರ್ಷ ಮರ ಉಳಿದಿದೆ! ನಾನು ಪ್ರೆಸ್ ಮುಚ್ಚುವಾಗ ಬ್ಲಾಕುಗಳನ್ನೆಲ್ಲ ತೂಕಕ್ಕೆ ಹಾಕಿದೆ. ಅದನ್ನು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಕಾಗದ ಮತ್ತು ಅಚ್ಚಿನ ವಿಷಯ. ಕಾಗದ ದಪ್ಪ, ಮೆತ್ತಗೆ, ಹೊಳಪಿಲ್ಲ. ಅಂಚನ್ನು ಕತ್ತರಿಸಿಲ್ಲ, ಹರಿದಂತೆ ಬಿಟ್ಟಿದ್ದಾರೆ. ಬಣ್ಣ ಸ್ವಲ್ಪ ಜಾಸ್ತಿ ಬಿಳಿ. ನನ್ನ ಕಣ್ಣಿಗೆ ಕೆನೆಬಣ್ಣದ ಕಾಗದವಾಗಿದ್ದರೆ ಇನ್ನೂ ಚೆನ್ನಾಗಿತ್ತು. ಬೆನ್ನು ಸವರಿದರೆ ಒತ್ತು ಸಿಗುತ್ತದೆ, ಆದರೆ ಹರಿಯುವಷ್ಟಿಲ್ಲ. ಒತ್ತು ಹದವಾಗಲೆಂದು ಹಾಳೆಯ ಹಿಂದೆ ಇಡುವ ಪ್ಯಾಕಿಂಗ್ ಕಾಗದವನ್ನು ಸರಿಯಾಗಿ ಕೊಟ್ಟವನ ಕೆಲಸ. ಭೂತಗನ್ನಡಿಯಲ್ಲಿ ಗೆರೆಯ ಎರಡೂ ಬದಿಗೆ ಶಾಯಿ ಸ್ವಲ್ಪ ಕಟ್ಟಿಕೊಂಡಿದೆ, ನಡುವೆ ತುಸು ತೆಳು. ಬ್ಲಾಕಿನಿಂದ ಒತ್ತಿದ್ದಕ್ಕೆ ಅದೇ ಗುರುತು. ಕಪ್ಪು ನಿಜವಾಗಿ ಕಪ್ಪು. ಇಡೀ ಹಾಳೆಯಲ್ಲಿ ಒಂದೇ ಒಂದು ಕಡೆ, ಬಟ್ಟೆಯ ಮಡಿಕೆಯಲ್ಲಿ, ಶಾಯಿ ತುಂಬಿ ಎರಡು ಗೆರೆ ಕೂಡಿಕೊಂಡಿವೆ. ಅದು ನನಗೆ ಕಂಡಿತು, ನಿಮಗೆ ಕಾಣಲಿಕ್ಕಿಲ್ಲ.

ಮರದಚ್ಚು ಗೊತ್ತಿಲ್ಲದವರಿಗೆ ಒಂದು ಮಾತು. ಮರದಲ್ಲಿ ಗೆರೆಯನ್ನು ಕೆತ್ತುವುದಿಲ್ಲ. ಗೆರೆಯನ್ನು ಬಿಟ್ಟು, ಅದರ ಆಚೆ ಈಚೆ ಇರುವುದನ್ನೆಲ್ಲ ಕೆತ್ತಿ ತೆಗೆಯುತ್ತಾರೆ. ಮೇಲೆ ಎದ್ದು ಉಳಿದ ಗೆರೆಗೆ ಶಾಯಿ ಹತ್ತುತ್ತದೆ. ನಮ್ಮ ಅಚ್ಚುಮೊಳೆಯದ್ದೂ ಅದೇ ಲೆಕ್ಕ. ಹಾಗಾಗಿ ನೆರಳು ಬರಬೇಕೆಂದು ಗೆರೆಯ ಮೇಲೆ ಗೆರೆ ಅಡ್ಡ ಬರೆದರೆ, ಕೆತ್ತುವವನು ಆ ಎರಡು ಗೆರೆಗಳ ನಡುವಿನ ಒಂದೊಂದು ಬಿಳಿ ಚೌಕವನ್ನೂ ಚಾಕುವಿನ ತುದಿಯಿಂದ ಎತ್ತಬೇಕು. ಎಳ್ಳಿಗಿಂತ ಸಣ್ಣ ಚೌಕ. ಒಂದು ಚಕ್ಕೆ ಜಾಸ್ತಿ ಎದ್ದರೆ ಗೆರೆ ಮುರಿಯಿತು, ಮತ್ತೆ ಕೂರಿಸಲು ಬರುವುದಿಲ್ಲ. ಆ ಕಾಲದಲ್ಲಿ ಚಿತ್ರ ಬರೆಯುವವನು ಒಬ್ಬ, ಕೆತ್ತುವವನು ಇನ್ನೊಬ್ಬ ಇರುವುದು ವಾಡಿಕೆ. ಮರ ಹೆಚ್ಚಾಗಿ ಪೇರ್ ಹಣ್ಣಿನ ಮರದ್ದು, ಒತ್ತಾದ ನಾರಿನದ್ದು.

ಇಷ್ಟನ್ನು ಯಾಕೆ ಹೇಳಿದೆ ಎಂದರೆ ಈ ಚಿತ್ರದಲ್ಲಿ ದುಃಖ ಇರುವುದು ಆ ಗೆರೆಗಳಲ್ಲೇ. ಮುಖಕ್ಕಿಂತ ಬೆನ್ನನ್ನು ನೋಡಿ. ಭುಜದಿಂದ ಸೊಂಟದವರೆಗೆ ಗೆರೆಗಳು ಮೈಯನ್ನು ಸುತ್ತಿ ಕೆಳಗಿಳಿಯುತ್ತವೆ. ಕಣ್ಣು ಅವುಗಳ ಜೊತೆ ತಾನೇ ಕೆಳಗೆ ಜಾರುತ್ತದೆ, ಮೊಣಕಾಲಿಗೆ, ಪಾದಕ್ಕೆ. ಪಾದದಲ್ಲಿ ಮೊಳೆಯ ಗಾಯ. ಅಲ್ಲಿಂದ ಮತ್ತೆ ಮೇಲೆ ಹೋಗಬೇಕೆಂದರೆ ಆ ಊರಿದ ಕೈಯನ್ನೇ ಹಿಡಿದು ಹತ್ತಬೇಕು. ಹತ್ತಿದರೆ ಕೆನ್ನೆ. ಹೊರೆ ಇಳಿಸಿದ ಮೇಲೂ ಬೆನ್ನು ನೆಟ್ಟಗಾಗದವರನ್ನು ನಾನು ಬಂದರಿನ ದಕ್ಕೆಯಲ್ಲಿ ನೋಡಿದ್ದೇನೆ. ಮೂಟೆ ಹೊತ್ತು ಹೊತ್ತು ಸಂಜೆ ಹೊತ್ತಿಗೆ ಕಟ್ಟೆಯ ಮೇಲೆ ಕೂರುತ್ತಾರಲ್ಲ, ಆ ಬೆನ್ನು ಇದು.

ಇನ್ನೊಂದನ್ನು ಗಮನಿಸಲು ನನಗೆ ವಾರ ಬೇಕಾಯಿತು. ತಲೆಯ ಮೇಲೆ ಮುಳ್ಳಿನ ಕಿರೀಟ. ತಲೆಯ ಸುತ್ತ ಬೆಳಕಿನ ಕಿರಣ. ಮುಳ್ಳು ಹೊರಗೆ ಚಾಚಿದೆ, ಕಿರಣವೂ ಹೊರಗೆ ಚಾಚಿದೆ. ಎರಡೂ ಒಂದೇ ಶಾಯಿ, ಒಂದೇ ಚಾಕು. ಬಣ್ಣದ ಚಿತ್ರವಾಗಿದ್ದರೆ ಬೆಳಕಿಗೆ ಚಿನ್ನದ ಬಣ್ಣ ಬಳಿದು ಬೇರೆ ಮಾಡಬಹುದಿತ್ತು. ಮರದಚ್ಚಿನಲ್ಲಿ ಬೆಳಕಿಗೂ ಕಪ್ಪು ಗೆರೆಯೇ ಗತಿ. ಹಾಗಾಗಿ ಮುಳ್ಳು ಎಲ್ಲಿ ಮುಗಿಯುತ್ತದೆ, ಬೆಳಕು ಎಲ್ಲಿ ಶುರುವಾಗುತ್ತದೆ ಎಂದು ಹತ್ತಿರ ಹೋಗಿ ಹುಡುಕಬೇಕು. ಹುಡುಕುತ್ತಾ ಮೂಗು ಕಾಗದಕ್ಕೆ ತಾಗುತ್ತದೆ. ಎರಡು ಅಡಿಯ ಪೋಸ್ಟರಿನಲ್ಲಿ ಇದು ಸಿಗುವುದಿಲ್ಲ. ಅಲ್ಲಿ ದೂರ ನಿಂತೇ ಎಲ್ಲ ಕಂಡುಬಿಡುತ್ತದೆ.

ಇದು ಸುವಾರ್ತೆಯ ಯಾವ ಗಳಿಗೆ? ನನಗೆ ಮೊದಲು ಗೊಂದಲವಾಯಿತು. ಶಿಲುಬೆಗೆ ಹಾಕುವ ಮೊದಲು ಕೂತದ್ದು ಎಂದರೆ ಪಾದದಲ್ಲಿ ಮೊಳೆಯ ಗಾಯ ಬಂದದ್ದು ಹೇಗೆ? ಪುನರುತ್ಥಾನದ ನಂತರ ಎಂದರೆ ಮುಳ್ಳಿನ ಕಿರೀಟ ಯಾಕೆ ಇನ್ನೂ ಇದೆ, ಇಷ್ಟು ದುಃಖ ಯಾಕೆ? ಮತ್ತಾಯ ಮಾರ್ಕ ಲೂಕ ಯೋಹಾನ, ನಾಲ್ಕರಲ್ಲೂ ಹೀಗೆ ಕೂತ ಗಳಿಗೆ ಇಲ್ಲ. ಹಿಂದೆ ಊರಿಲ್ಲ, ಸೈನಿಕರಿಲ್ಲ, ಅಳುವ ಹೆಂಗಸರಿಲ್ಲ. ಉತ್ತರ ಸಿಕ್ಕಿದ್ದು ಆ ಹಳೇ ಪುಸ್ತಕದಲ್ಲಿ ಈ ಚಿತ್ರದ ಕೆಳಗಿರುವ ಪದ್ಯದಲ್ಲಿ. ಪುಸ್ತಕದ ಪದ್ಯಗಳನ್ನೆಲ್ಲ ಬರೆದವನು ನ್ಯೂರೆಂಬರ್ಗಿನ ಬೆನೆಡಿಕ್ಟ್ ಪಂಗಡದ ಸನ್ಯಾಸಿ, ಬೆನೆಡಿಕ್ಟಸ್ ಕೆಲಿಡೋನಿಯಸ್. ಲ್ಯಾಟಿನ್ ಪದ್ಯ. ಅಂಗಡಿಯವರು ಜೊತೆಗೆ ಒಂದು ಚೀಟಿ ಕೊಡುತ್ತಾರೆ, ಅದರಲ್ಲಿ ಜರ್ಮನ್ ಅರ್ಥ ಇದೆ. ವಾಪಸ್ ಬರುವ ರೈಲಿನಲ್ಲಿ ಮಗಳು ಓದಿ ಹೇಳಿದಳು. ಮಾತಾಡುತ್ತಿರುವುದು ಕ್ರಿಸ್ತನೇ. ತಿರುಳು ಇಷ್ಟು: ಮನುಷ್ಯನೇ, ನನ್ನ ಈ ನೋವಿಗೆ, ಈ ಶಿಲುಬೆಗೆ, ಈ ಸಾವಿಗೆ ಕಾರಣ ನೀನು. ಇದನ್ನು ಒಂದು ಸಲ ನಾನು ಹೊತ್ತದ್ದು ಸಾಕು. ಹೊಸ ಪಾಪ ಮಾಡಿ ಮತ್ತೆ ನನ್ನನ್ನು ಹಿಂಸಿಸಬೇಡ.

ಮಗಳು ಅಷ್ಟು ಹೇಳಿ ಕಿಟಕಿ ಕಡೆ ತಿರುಗಿದಳು. ನಾನು ಚೀಟಿ ಮಡಚಿ ಜೇಬಿಗೆ ಇಟ್ಟೆ.

ಆಮೇಲೆ ಯೋಚನೆ ಮಾಡಿದೆ. ಇದು ಅಂದಿನ ಒಂದು ಗಳಿಗೆಯಲ್ಲ, ಓದುವವನ ಇವತ್ತಿನ ಗಳಿಗೆ. ಪುಸ್ತಕ ತೆರೆದವನ ಎದುರಿಗೆ ಆತನು ಕೂತಿದ್ದಾನೆ. ಕಥೆ ಮುಗಿದಿದೆ, ಗಾಯ ಆಗಿದೆ, ಆದರೂ ನಮ್ಮಿಂದಾಗಿ ಎದ್ದು ಹೋಗಲಾಗಿಲ್ಲ. ಯೆಶಾಯನ 53ನೇ ಅಧ್ಯಾಯವನ್ನು ನಾವು ಪ್ರತಿ ಶುಭ ಶುಕ್ರವಾರ ಓದುತ್ತೇವೆ. ಜನ ತಳ್ಳಿಬಿಟ್ಟವನು, ನೋವನ್ನು ಬಲ್ಲವನು. ಓದುವಾಗ ಅದೊಂದು ದೊಡ್ಡ ಮಾತಾಗಿ ಕೇಳುತ್ತಿತ್ತು. ಈಗ ಓದಿದರೆ ಒಂದು ಬಾಗಿದ ಬೆನ್ನು ಕಣ್ಣ ಮುಂದೆ ಬರುತ್ತದೆ.

ಕೆನ್ನೆಗೆ ಕೈ ಕೊಡುವ ಈ ಭಂಗಿ ಡ್ಯೂರರನಿಗೆ ಮತ್ತೆ ಬೇಕಾಯಿತು. 1514ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ ಅವನ ‘ಮೆಲೆನ್ಕೋಲಿಯಾ’ ಚಿತ್ರದಲ್ಲಿ ರೆಕ್ಕೆ ಇರುವ ಹೆಂಗಸು ಹಾಗೇ ಕೂತಿದ್ದಾಳೆ, ಸುತ್ತ ಬಡಗಿಯ ಹತ್ಯಾರುಗಳು ಬಿದ್ದಿವೆ. ಅದು ಜಾಸ್ತಿ ಹೆಸರುವಾಸಿ. ಅದೇ ವರ್ಷ ಮೇ ತಿಂಗಳಲ್ಲಿ ಅವನ ಅಮ್ಮ ಬಾರ್ಬರಾ ಅದೇ ಮನೆಯಲ್ಲಿ ತೀರಿಕೊಂಡರು. ಹದಿನೆಂಟು ಮಕ್ಕಳನ್ನು ಹೆತ್ತ ತಾಯಿ. ಸಾಯುವ ಎರಡು ತಿಂಗಳ ಮೊದಲು ಅವನು ಇದ್ದಿಲಿನಲ್ಲಿ ಬರೆದ ಅಮ್ಮನ ಮುಖ ಇದೆ, ಎಲುಬೆಲ್ಲ ಎದ್ದು ಕಾಣುವ ಮುಖ. ಅದರ ಫೋಟೋ ನೋಡಿದವರು ಮರೆಯುವುದಿಲ್ಲ.

ಮಗಳ ಆಫೀಸಿನಲ್ಲಿ ಲಿಥುವೇನಿಯ ದೇಶದ ಹುಡುಗಿಯೊಬ್ಬಳಿದ್ದಾಳೆ. ಊಟಕ್ಕೆ ಬಂದಾಗ ಈ ಚಿತ್ರ ತೋರಿಸಿದೆ. ನೋಡಿದ ಕೂಡಲೇ ‘ರೂಪಿಂತೊಯೇಲಿಸ್’ ಅಂದಳು. ಅವರ ಊರಲ್ಲಿ ಹೀಗೆ ಕೆನ್ನೆಗೆ ಕೈ ಕೊಟ್ಟು ಕೂತ ಕ್ರಿಸ್ತನನ್ನು ಮರದಲ್ಲಿ ಕಡೆದು ದಾರಿ ಬದಿಗೆ, ಸಮಾಧಿಯ ಹತ್ತಿರ ಇಡುತ್ತಾರಂತೆ. ಸಣ್ಣ ಗುಡಿಯಂಥ ಮಾಡಿನ ಕೆಳಗೆ. ಹೆಸರಿನ ಅರ್ಥ ಚಿಂತೆ ಮಾಡುವವನು. ನಮಗೋಸ್ಕರ ಚಿಂತೆ ಮಾಡುವವನು ಎಂದು ಹಳ್ಳಿಯವರು ತಿಳಿಯುತ್ತಾರೆ ಅಂದಳು. ಆ ಶಿಲುಬೆ ಕೆತ್ತುವ ಕಲೆ ಯುನೆಸ್ಕೋ ಪಟ್ಟಿಯಲ್ಲಿದೆ. ಅವಳ ಅಜ್ಜನ ಮನೆಯ ಅಂಗಳದಲ್ಲೂ ಒಂದು ಇತ್ತಂತೆ. ನನ್ನ ಅಮ್ಮನ ಮಾತನ್ನು ಹೇಳಿದೆ. ಮಗಳು ಜರ್ಮನ್‌ಗೆ ತಿರುಗಿಸಿದಳು. ಆ ಹುಡುಗಿಗೆ ಎಷ್ಟು ಅರ್ಥವಾಯಿತೋ, ನನ್ನ ಕೈ ಹಿಡಿದುಕೊಂಡಳು.

ಬೆಲೆಗೆ ಬರುತ್ತೇನೆ. 24 ಯೂರೋ ಎಂದರೆ ನಮ್ಮ ದುಡ್ಡಲ್ಲಿ ಎರಡು ಸಾವಿರದ ಮೇಲೆ. ಅಂಗೈಯಷ್ಟು ಕಾಗದಕ್ಕೆ ಜಾಸ್ತಿ ಅನಿಸಬಹುದು. ಒಂದೊಂದಾಗಿ ಕೈಯಲ್ಲಿ ಒತ್ತಿದ ಕೆಲಸಕ್ಕೆ ನನಗೆ ಸರಿ ಅನಿಸಿತು. ಡ್ಯೂರರನೇ ತನ್ನ ಪುಸ್ತಕವನ್ನು ಎಷ್ಟಕ್ಕೆ ಮಾರಿದ ಎಂಬುದು ಅವನ ಡೈರಿಯಲ್ಲಿದೆ. 1520-21ರಲ್ಲಿ ನೆದರ್‌ಲ್ಯಾಂಡ್ಸ್ ಕಡೆ ಹೋದಾಗ ಬರೆದ ಲೆಕ್ಕದ ಡೈರಿ. ಆಂಟ್‌ವರ್ಪ್ ಊರಿನಲ್ಲಿ ಒಬ್ಬನಿಗೆ 16 ಸ್ಮಾಲ್ ಪ್ಯಾಶನ್ ಒಟ್ಟಿಗೆ 4 ಫ್ಲೋರಿನ್‌ಗೆ ಕೊಟ್ಟಿದ್ದಾನೆ. ಒಂದು ಫ್ಲೋರಿನ್‌ಗೆ ನಾಲ್ಕು ಪುಸ್ತಕ. ಸಗಟು ರೇಟು! ನಾನು ಬಿಲ್ ಬುಕ್ ಬರೆಯುತ್ತಿದ್ದ ಹಾಗೇ ಬರೆದಿದ್ದಾನೆ. ಶ್ರೀಮಂತರ ಗೋಡೆಗೆಂದು ಮಾಡಿದ್ದಲ್ಲ ಇದು. ಕೈಯಲ್ಲಿ ಹಿಡಿದು ಪುಟ ತಿರುಗಿಸಲಿ, ಚೀಲದಲ್ಲಿ ಹಾಕಿಕೊಂಡು ಹೋಗಲಿ ಎಂದು ಮಾಡಿದ್ದು. 1511ರ ಪುಸ್ತಕಗಳ ಕೊನೆಯಲ್ಲಿ ನಕಲು ಮಾಡುವವರಿಗೆ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಹೆಸರಲ್ಲಿ ಎಚ್ಚರಿಕೆಯನ್ನೂ ಹಾಕಿದ್ದ. ಇಟಲಿಯಲ್ಲಿ ಮಾರ್ಕಾಂಟೋನಿಯೋ ರೈಮೊಂಡಿ ಎಂಬವನು ಅವನ ಚಿತ್ರಗಳನ್ನು ತಾಮ್ರದಲ್ಲಿ ಕೊರೆದು ಮಾರುತ್ತಿದ್ದ. ಅಚ್ಚಿನ ಕೆಲಸ ಮಾಡಿದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ತರುವುದು ಕಷ್ಟವಾಗಲಿಲ್ಲ. ಗಟ್ಟಿ ರಟ್ಟಿನ ಎರಡು ಹಾಳೆಯ ನಡುವೆ ಇಟ್ಟು ಕೊಡುತ್ತಾರೆ. ಅದನ್ನು ನನ್ನ ಬೈಬಲ್ಲಿನೊಳಗೆ ಸೇರಿಸಿ ಕೈಚೀಲದಲ್ಲಿ ತಂದೆ.

ಫ್ರೇಮ್ ಹಾಕಿಸುವಾಗ ಜಾಗ್ರತೆ ಬೇಕು. ಇಲ್ಲಿ ಮೊದಲು ಹೋದ ಅಂಗಡಿಯಲ್ಲಿ ಹುಡುಗ ಕಾಗದದ ಸುತ್ತಲಿನ ಬಿಳಿ ಜಾಗವನ್ನು ಕತ್ತರಿಸಲು ಬ್ಲೇಡ್ ತೆಗೆದೇಬಿಟ್ಟಿದ್ದ. ಹಿಂದಿನ ಹಲಗೆಗೆ ಫೆವಿಕಾಲ್ ಹಾಕಿ ಅಂಟಿಸುತ್ತೇನೆ, ಸುಕ್ಕು ಬರುವುದಿಲ್ಲ ಅಂದ. ಕೈಮುಗಿದು ಎದ್ದು ಬಂದೆ. ಇನ್ನೊಂದು ಕಡೆ ನಾನೇ ಪಕ್ಕದಲ್ಲಿ ನಿಂತು ಮಾಡಿಸಿದೆ. ಕಾಗದವನ್ನು ಎಲ್ಲೂ ಅಂಟಿಸಿಲ್ಲ. ಮೇಲಿನ ಎರಡು ಮೂಲೆಗೆ ಕಾಗದದ ಸಣ್ಣ ಪಟ್ಟಿಯನ್ನು ಮೈದಾ ಗೋಂದಿನಲ್ಲಿ ಹಚ್ಚಿ ತೂಗಿಸಿದ್ದೇವೆ. ಗೋಂದಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿದೆ, ಇಲ್ಲವಾದರೆ ಹುಳ ಬರುತ್ತದೆ. ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚು ಕೊಟ್ಟು ಸಂದು ಬಿಟ್ಟಿದ್ದೇವೆ. ನಮ್ಮ ಕರಾವಳಿಯ ಜೂನ್ ಜುಲೈಯಲ್ಲಿ ಗಾಜಿಗೆ ತಾಗಿದ ಕಾಗದ ಅಂಟಿಕೊಳ್ಳುತ್ತದೆ, ಬಿಡಿಸಿದರೆ ಶಾಯಿ ಗಾಜಿನಲ್ಲೇ ಉಳಿಯುತ್ತದೆ. ಬೂಸು ಬರುವುದು ಬೇರೆ. ಈ ಮಳೆಗಾಲ ಇಲ್ಲಿವರೆಗೆ ಏನೂ ಆಗಿಲ್ಲ. ಗೋಡೆಗೆ ತೂಗಿಸಿಲ್ಲ, ಗೋಡೆ ಬೆವರುತ್ತದೆ. ಮೇಜಿನ ಮೇಲೆ, ಓದುವ ದೀಪದ ಕೆಳಗೆ ನಿಲ್ಲಿಸಿದ್ದೇನೆ. ಅಲ್ಲಾದರೆ ಕಣ್ಣಿಗೂ ಅದಕ್ಕೂ ಒಂದು ಗೇಣು, ಪುಸ್ತಕ ಹಿಡಿಯುವಷ್ಟೇ ದೂರ.

ಕೊರತೆ ಹೇಳಬೇಕೆಂದರೆ ಎರಡು. ಕಾಗದದ ಬಿಳುಪು ಆಗಲೇ ಹೇಳಿದೆ. ಚೀಟಿಯಲ್ಲಿ ಜರ್ಮನ್ ಮಾತ್ರ ಇರುವುದು ಎರಡನೇದು. ಮಗಳಿಲ್ಲದಿದ್ದರೆ ನನಗೆ ಆ ಪದ್ಯ ಸಿಗುತ್ತಲೇ ಇರಲಿಲ್ಲ, ಆ ಪದ್ಯ ಇಲ್ಲದೆ ಚಿತ್ರ ಅರ್ಧ. ನಾನು ಅದರ ಕನ್ನಡ ಅರ್ಥವನ್ನು ಒಂದು ಸಣ್ಣ ಕಾಗದದಲ್ಲಿ ಬರೆದು ಫ್ರೇಮಿನ ಬೆನ್ನಿಗೆ ಸಿಕ್ಕಿಸಿದ್ದೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಕಾಗದಕ್ಕೆ, ಚಿತ್ರಕ್ಕೆ ಕಡಿಮೆ ಮಾಡಲು ನಾನ್ಯಾರು.

ಯಾರು ತಗೊಳ್ಳಬೇಕು? ಹಾಲಿನ ಗೋಡೆಗೆ ಒಂದು ಚಿತ್ರ ಬೇಕು, ಬಂದವರಿಗೆಲ್ಲ ಕಾಣಬೇಕು ಅನ್ನುವವರಿಗೆ ಇದು ಸರಿಹೋಗುವುದಿಲ್ಲ. ದೂರದಿಂದ ನೋಡಿದರೆ ಕಪ್ಪು ಮಚ್ಚೆಯಂತೆ ಕಾಣುತ್ತದೆ. ದಯವಿಟ್ಟು ದೊಡ್ಡದು ಮಾಡಿಸಬೇಡಿ. ಒಬ್ಬರೇ ಕೂರುವ ಜಾಗ ಮನೆಯಲ್ಲಿ ಎಲ್ಲಾದರೂ ಇದ್ದರೆ, ಅಲ್ಲಿಗೆ ತಗೊಳ್ಳಿ. ಕ್ರಿಶ್ಚಿಯನ್ನರೇ ಆಗಬೇಕೆಂದಿಲ್ಲ. ಪಕ್ಕದ ಮನೆಯ ಬಂಟರ ಸೊಸೆ ಹೋದ ವಾರ ಕುಡಿಯುವ ನೀರು ಕೇಳಲು ಬಂದವರು ಇದನ್ನು ನೋಡಿ ನಿಂತರು. ಅವರ ಅತ್ತೆ ಹೋಗಿ ಇನ್ನೂ ವರ್ಷ ಆಗಿಲ್ಲ. ‘ಅಣ್ಣಾ, ಇವರು ಯಾಕೆ ಹೀಗೆ ಕೂತಿದ್ದಾರೆ?’ ಅಂದರು. ಪದ್ಯದ ಅರ್ಥ ಹೇಳಲು ಹೊರಟವನು ಹೇಳಲಿಲ್ಲ. ಕುರ್ಚಿ ಎಳೆದು ಕೊಟ್ಟೆ. ಅವರು ಸ್ವಲ್ಪ ಹೊತ್ತು ಕೂತು, ನೀರಿನ ಕೊಡ ತಗೊಂಡು ಹೋದರು.

ಮಗಳು ಡಿಸೆಂಬರಿಗೆ ಊರಿಗೆ ಬರುತ್ತಾಳೆ. ಅದೇ ಅಂಗಡಿಯಿಂದ ಇನ್ನೊಂದು ತರಲು ಹೇಳಿದ್ದೇನೆ. ಅದೂ ಇದೇ ಪುಸ್ತಕದ್ದು, ಕೊನೆಯ ಕಡೆಯ ಪುಟ. ಈಸ್ಟರ್ ಬೆಳಗ್ಗೆ ಮಗ್ದಲದ ಮರಿಯಳು ಕ್ರಿಸ್ತನನ್ನು ನೋಡಿ ತೋಟದವನು ಎಂದುಕೊಳ್ಳುತ್ತಾಳಲ್ಲ, ಆ ಗಳಿಗೆ. ಡ್ಯೂರರ್ ಆತನಿಗೆ ಅಗಲ ಅಂಚಿನ ಟೋಪಿ ಹಾಕಿ, ಕೈಗೆ ಸಲಿಕೆ ಕೊಟ್ಟಿದ್ದಾನೆ. ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೆ, ಆಗ ಒಂದಕ್ಕೇ ದುಡ್ಡಿತ್ತು. ಇಲ್ಲಿ ಬೆನ್ನು ನೆಟ್ಟಗಿದೆ. ಕೆನ್ನೆಯಿಂದ ಕೈ ತೆಗೆದಿದ್ದಾನೆ.